ನಡುವಿನ ಸೀಟು

ಬಾಹ್ಯಾಕಾಶ ಸಂಸ್ಥೆಯ ಸೀಟು ಮಾಡುವ ಕೋಣೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅದನ್ನು ಶುರುಮಾಡಿದವಳು ಅವಳ ಸ್ವಂತ ತಂಗಿ. ಗಗನಯಾನಿಯಾಗಿ ಆಯ್ಕೆಯಾಗಿ ಮೊದಲ ಸಲ ಆ ಕೋಣೆಗೆ ಬಂದ ದಿನ, ಜೊತೆಯಲ್ಲಿ ಹಿರಿಯ ಅಧಿಕಾರಿಗಳಿದ್ದುದನ್ನೂ ಲೆಕ್ಕಿಸದೆ, ಬಾಗಿಲಲ್ಲೇ ನಿಂತು "ಅಕ್ಕ, ಎಲ್ಲಿ ಬಿದ್ಕೋಬೇಕು?" ಎಂದು ಕೇಳಿದ್ದಳು. ಅಧಿಕಾರಿಗಳು ನಕ್ಕರು, ಹೆಸರು ಅಂಟಿಕೊಂಡಿತು.

ಬಾಹ್ಯಾಕಾಶ ನೌಕೆಯ ಸೀಟು ಬಸ್ಸಿನ ಸೀಟಿನಂತಲ್ಲ. ಒಬ್ಬರಿಗೆ ಮಾಡಿದ್ದರಲ್ಲಿ ಇನ್ನೊಬ್ಬರು ಕೂರುವಂತಿಲ್ಲ. ನೆಲಕ್ಕೆ ಮರಳುವಾಗ ಬೀಳುವ ಪೆಟ್ಟು ಬೆನ್ನಿನ ಉದ್ದಕ್ಕೂ ಸಮನಾಗಿ ಹಂಚಿಹೋಗಬೇಕು. ಎಲ್ಲೋ ಒಂದು ಕಡೆ ಬೆರಳಷ್ಟು ಸಂದು ಉಳಿದರೂ ಅಲ್ಲೇ ಮೂಳೆ ಮುರಿಯುತ್ತದೆ. ಆದ್ದರಿಂದ ಹೋಗುವವರನ್ನು ತೆಳು ಉಡುಪಿನಲ್ಲಿ ಒಂದು ತೊಟ್ಟಿಯೊಳಗೆ ಮೊಣಕಾಲು ಮಡಚಿ ಮಲಗಿಸಿ, ಸುತ್ತ ಹಸಿ ಪ್ಲಾಸ್ಟರ್ ಸುರಿದು, ಬೆನ್ನಿನ ಅಚ್ಚು ತೆಗೆಯುತ್ತಿದ್ದರು. ಅದು ಗಟ್ಟಿಯಾಗುವವರೆಗೆ ಮಲಗಿದವರು ಮಾತಾಡುವಂತಿಲ್ಲ, ನಗುವಂತಿಲ್ಲ, ದೊಡ್ಡ ಉಸಿರೂ ತೆಗೆಯುವಂತಿಲ್ಲ. ಗಟ್ಟಿಯಾಗುತ್ತ ಪ್ಲಾಸ್ಟರ್ ಬಿಸಿಯಾಗುತ್ತದೆ, ಜ್ವರ ಬಂದ ಮೈಯಂತೆ. ಆಗ ಎಂಥ ಗಟ್ಟಿಗರಿಗೂ ಒಂದು ಕ್ಷಣ ಹೂತುಹೋದ ಹಾಗೆ ಅನ್ನಿಸುತ್ತದೆ. ಅದಕ್ಕೇ ಕೋಣೆಯಲ್ಲಿ ಒಂದು ರೂಢಿ ಬೆಳೆದಿತ್ತು: ಅಚ್ಚು ತೆಗೆಯುವವರು ಬಿಡದೆ ಏನಾದರೂ ಮಾತಾಡುತ್ತಿರಬೇಕು. ನಿರ್ದೇಶಕರ ಹೊಸ ಕನ್ನಡಕ, ಕ್ಯಾಂಟೀನಿನ ನೀರುನೀರು ಚಹಾ, ಯಾರ ಸ್ಕೂಟರು ಯಾರ ಕಾರಿಗೆ ಗುದ್ದಿತು, ಏನಾದರೂ ಸರಿ. ಆ ಹೊತ್ತಿನಲ್ಲಿ ಆಡಿದ್ದನ್ನು ಹೊರಗೆ ಒಯ್ಯಬಾರದು ಎಂಬುದೂ ರೂಢಿಯ ಒಂದು ಭಾಗ. ಅಕ್ಕ ಸ್ವಭಾವತಃ ಮಾತಿನವಳಲ್ಲ. ಒಂದು ಶಬ್ದವನ್ನು ಎರಡು ಸಲ ತೂಗಿ ನೋಡಿ ಆಡುವವಳು. ತೊಟ್ಟಿಯ ಪಕ್ಕ ಮಾತ್ರ ಅವಳು ವಾಚಾಳಿಯಾಗುತ್ತಿದ್ದಳು.

ನೌಕೆಯಲ್ಲಿ ಮೂರು ಸೀಟುಗಳಿದ್ದವು. ನಡುವಿನದು ಮುಂದಾಳಿನದು. ಕೈಯಿಂದ ನೌಕೆ ನಡೆಸುವ ಹಿಡಿ, ಎಲ್ಲರೂ ಸ್ಟಿಕ್ ಎನ್ನುತ್ತಿದ್ದುದು, ಇದ್ದದ್ದು ಅಲ್ಲಿ. ದೇಶದಿಂದ ಮೊದಲ ಸಲ ಮನುಷ್ಯರು ಮೇಲೆ ಹೋಗುವ ಈ ಯಾನಕ್ಕೆ ಆಯ್ಕೆಯಾಗಿದ್ದವರು ಇಬ್ಬರೇ. ಇಬ್ಬರಲ್ಲಿ ಮುಂದಾಳು ಯಾರೆಂದು ಮಾತ್ರ ಯಾರೂ ಬಾಯಿಬಿಟ್ಟಿರಲಿಲ್ಲ. ಒಬ್ಬಳು ತಂಗಿ, ಸಂಸ್ಥೆಯ ಪೈಲಟ್. ಇನ್ನೊಬ್ಬ ಖಾಸಗಿ ಕಂಪನಿಯ ಪೈಲಟ್. ಸರ್ಕಾರದ ಅನುದಾನ ಬತ್ತಿಹೋಗಿ ಯೋಜನೆಯ ಅರ್ಧ ಪಾಲು ಕಂಪನಿಗೆ ಹೋದ ಮೇಲೆ ಬಂದವನು. ಬಂದಾಗಲೆಲ್ಲ ನಿರ್ದೇಶಕರೇ ಕುರ್ಚಿ ಎಳೆದುಕೊಡುತ್ತಿದ್ದರು, ಬಿಸ್ಕತ್ತಿನ ತಟ್ಟೆ ಅವನ ಕಡೆಗೇ ಸರಿಯುತ್ತಿತ್ತು. ಹಾಗಾಗಿ ಅವನಿಗೆ ಅಳಿಯ ಎಂಬ ಅಡ್ಡಹೆಸರು ಬಿದ್ದಿತ್ತು. ಅವನಿಗೂ ಅದು ಗೊತ್ತಿತ್ತು. ಒಮ್ಮೆ ಕ್ಯಾಂಟೀನಿನಲ್ಲಿ ಚಹಾ ತಡವಾದಾಗ, "ಅಳಿಯನ್ನೂ ಕಾಯಿಸ್ತೀರಾ?" ಎಂದು ತಾನೇ ಕೇಳಿ ಎಲ್ಲರ ಬಾಯಿ ಮುಚ್ಚಿಸಿದ್ದ.

ಅಕ್ಕತಂಗಿಯರು ಸಂಸ್ಥೆಯ ವಸತಿಯಲ್ಲಿ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೆ ಇದ್ದರು. ತಂಗಿ ಮನೆಗೆ ಬಂದರೆ ಶೂಗಳನ್ನು ಎಡಕ್ಕೊಂದು ಬಲಕ್ಕೊಂದು ಕಳಚಿ ಒಳಗೆ ನುಗ್ಗುತ್ತಿದ್ದಳು. ಅಕ್ಕ ಅವನ್ನು ಜೋಡಿಸಿ, ಬಾಗಿಲ ಚಿಲಕ ಹಾಕಿ, ಹಾಕಿದೆಯೋ ಎಂದು ಇನ್ನೊಮ್ಮೆ ಎಳೆದು ನೋಡುತ್ತಿದ್ದಳು. ಆಯ್ಕೆಯ ಮಾತು ಬಂದಾಗಲೆಲ್ಲ ತಂಗಿ ಒಂದೇ ವಾಗ್ದಾನ ಕೇಳುತ್ತಿದ್ದಳು. ಸೀಟಿನ ಅಳತೆ ಮೊದಲು ಬರುವುದು ಅಕ್ಕನ ಮೇಜಿಗೆ. ನಡುವಿನದು ತನ್ನದಲ್ಲ ಎಂದಾದರೆ ಅದನ್ನು ಅಕ್ಕನ ಬಾಯಿಂದಲೇ ಕೇಳಬೇಕು, ನಿರ್ದೇಶಕರು ಬೆನ್ನು ಸವರಿ ಹೇಳುವುದನ್ನು ಕೇಳಿಸಿಕೊಳ್ಳಲಾರೆ ಎನ್ನುತ್ತಿದ್ದಳು.

ಆದೇಶ ಬಂದದ್ದು ಒಂದು ಮಧ್ಯಾಹ್ನ, ನಿರ್ದೇಶಕರ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು. ತಂಗಿಗೆ ಎಡಗಡೆಯ ಸೀಟು. ಅಳಿಯನಿಗೆ ಬಲಗಡೆಯದು. ನಡುವಿನದಕ್ಕೆ ಅಚ್ಚು ಬೇಡ. ಚಪ್ಪಟೆ ತಳ ಸಾಕು, ನಾಲ್ಕು ಮೂಲೆಗೆ ಬೋಲ್ಟು ಬರುವಂತೆ. ಅಲ್ಲಿ ಕಂಪನಿಯ ಪೆಟ್ಟಿಗೆ ಕೂರುತ್ತದೆ, ಏರುವುದು ಇಳಿಯುವುದು ಎಲ್ಲವನ್ನೂ ತಾನೇ ನಿರ್ಧರಿಸುವ ಯಂತ್ರ. ಸ್ಟಿಕ್ ತೆಗೆದುಹಾಕುತ್ತಾರೆ.

ಅಕ್ಕ ಕುರ್ಚಿಯ ಅಂಚಿನಲ್ಲೇ ಕೂತು ಕೇಳಿಸಿಕೊಂಡಳು. ನೌಕೆಯನ್ನು ಖಾಲಿ ಕಳಿಸಿ ಪರೀಕ್ಷಿಸಿದಾಗ ಈ ಪೆಟ್ಟಿಗೆ ಒಮ್ಮೆ ಸರಿಯಾಗಿ ಇಳಿಸಿತ್ತು, ಇನ್ನೊಮ್ಮೆ ಹುಡುಕುವ ಹಡಗುಗಳಿಗೇ ಸಿಗದಷ್ಟು ದೂರ ಇಳಿಸಿತ್ತು. ಅದನ್ನು ಅವಳು ಆದಷ್ಟು ಮೆಲ್ಲಗೆ ನೆನಪಿಸಿದಳು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. ಪಕ್ಕದ ದೇಶ ಚಳಿಗಾಲಕ್ಕೆ ಮುಂಚೆ ಮನುಷ್ಯರನ್ನು ಕಳಿಸುತ್ತದೆ, ಅದಕ್ಕೆ ಮೊದಲು ನಾವು ಕಳಿಸದಿದ್ದರೆ ಕಂಪನಿ ತನ್ನ ಪಾಲು ಹಿಂದೆಗೆದುಕೊಳ್ಳುತ್ತದೆ, ಆಮೇಲೆ ಈ ಕಟ್ಟಡದಿಂದ ಯಾರೂ ಎಲ್ಲಿಗೂ ಹೋಗುವುದಿಲ್ಲ ಎಂದರು. ಪೆಟ್ಟಿಗೆ ಕಂಪನಿಯ ಷರತ್ತು. "ಮನುಷ್ಯ ಹೋಗೋದು ಬೇಡ ಅಂತ ಅವರು ಹೇಳ್ತಿಲ್ಲಮ್ಮ. ಮನುಷ್ಯ ಮುಟ್ಟೋದು ಬೇಡ ಅಂತಾರೆ, ಅಷ್ಟೇ." ಇಬ್ಬರಿಗೂ ಹೊರಡುವ ಹಿಂದಿನ ವಾರ ತಾವೇ ತಿಳಿಸುವುದಾಗಿಯೂ, ಅಲ್ಲಿಯವರೆಗೆ ಅವಳು ತುಟಿ ಬಿಚ್ಚಕೂಡದೆಂದೂ ಹೇಳಿ, ಅವಳಿಗಿಂತ ಮೊದಲೇ ಎದ್ದು ಬಾಗಿಲು ತೆರೆದರು.

ಮರುದಿನ ತಂಗಿಯ ಅಚ್ಚು. ಸಹಾಯಕರು ಪ್ಲಾಸ್ಟರ್ ಸುರಿದು, ಗಟ್ಟಿಯಾಗಲು ಬಿಟ್ಟು ಎಂದಿನಂತೆ ಹೊರಗೆ ಹೋದರು. ತೊಟ್ಟಿಯಲ್ಲಿ ತಂಗಿಯ ಮುಖ, ಮಂಡಿ, ಕೈಗಳು ಮಾತ್ರ ಕಾಣುತ್ತಿದ್ದವು. ತೆಳ್ಳಗಿದ್ದಳೆಂದು ಚಿಕ್ಕಂದಿನಲ್ಲಿ ಮನೆಯವರು ಕಡ್ಡಿ ಎಂದು ಕರೆಯುತ್ತಿದ್ದವಳು, ಈಗಲೂ ಕಡ್ಡಿಯೇ. ಅಕ್ಕ ಕ್ಯಾಂಟೀನಿನ ಸುದ್ದಿಯಿಂದ ಶುರುಮಾಡಿದಳು. ಆಮೇಲೆ, ದನಿ ಬದಲಿಸದೆ, ಅದೇ ಹರಟೆಯ ಧಾಟಿಯಲ್ಲಿ, ಪೆಟ್ಟಿಗೆಯ ವಿಷಯ ಹೇಳಿಬಿಟ್ಟಳು. ಇಲ್ಲಿ ಹೇಳಿದರೆ ತಂಗಿ ಕೂಗಾಡುವಂತಿಲ್ಲ, ಎದ್ದು ನಿರ್ದೇಶಕರ ಕೋಣೆಗೆ ನುಗ್ಗುವಂತಿಲ್ಲ, ಕೇಳಿಸಿಕೊಳ್ಳಲೇಬೇಕು. ಹಾಗೆ ಲೆಕ್ಕ ಹಾಕಿಯೇ ಅಕ್ಕ ಆ ಹೊತ್ತನ್ನು ಆರಿಸಿಕೊಂಡಿದ್ದಳು.

ತಂಗಿ ಅಲುಗಲಿಲ್ಲ. ಕಣ್ಣು ಮಾತ್ರ ಛಾವಣಿಯಿಂದ ಅಕ್ಕನ ಕಡೆಗೆ ಹೊರಳಿ, ಅಲ್ಲೇ ನಿಂತಿತು. ರೆಪ್ಪೆ ಬಡಿಯುವುದನ್ನೂ ಮರೆತಂತಿತ್ತು.

ರಾಟೆಯಿಂದ ಮೇಲೆತ್ತಿ ಬಿಡಿಸಿದ ಮೇಲೆ, ಮೈಗೆ ಅಂಟಿದ ಬಿಳಿ ಪುಡಿ ಒರೆಸಿಕೊಳ್ಳುತ್ತ ಅವಳು ಕೇಳಿದ ಮೊದಲ ಪ್ರಶ್ನೆ ಅಕ್ಕ ಊಹಿಸಿದ ಯಾವ ಪ್ರಶ್ನೆಯೂ ಆಗಿರಲಿಲ್ಲ.

"ಸ್ಟಿಕ್ ಮಾತ್ರ ತೆಗೀತಾರಾ, ತಂತೀನೂ ಕೀಳ್ತಾರಾ?"

ತಂತಿ ಕೀಳುವುದಿಲ್ಲ ಎಂದಳು ಅಕ್ಕ. ಕಿತ್ತರೆ ಎಲ್ಲ ಪರೀಕ್ಷೆಯನ್ನೂ ಮೊದಲಿಂದ ಮಾಡಬೇಕು, ಅದಕ್ಕೆ ಪುರುಸೊತ್ತಿಲ್ಲ. ನಡುವಿನ ಸೀಟಿನ ಅಡಿಯಲ್ಲಿ ಸಾಕೆಟ್ಟಿಗೆ ಒಂದು ಮುಚ್ಚಳ ಹಾಕಿ ಬಿಡುತ್ತಾರೆ.

"ಅಂದ್ರೆ ಸ್ಟಿಕ್ ಸಿಕ್ಕಿಸಿದ್ರೆ ನೌಕೆ ಕೈ ಮಾತು ಕೇಳುತ್ತೆ."

"ಕೇಳುತ್ತೆ. ಆದ್ರೆ..."

"ಆದ್ರೆ ಗೀದ್ರೆ ಬೇಡ ಅಕ್ಕ. ನನ್ನ ಸೀಟಲ್ಲಿ ಬಲ ತೊಡೆ ಪಕ್ಕ ಒಂದು ಗೂಡು ಕೊರೆದುಬಿಡು. ಸ್ಟಿಕ್ ಹಿಡಿಸೋಷ್ಟು. ಮೇಲೆ ಬಟ್ಟೆ ಹೊಲಿದುಬಿಟ್ರೆ ಯಾರಿಗೆ ಕಾಣುತ್ತೆ?"

ಅಳಿಯನಿಗೂ ಹೇಳಿ ಇಬ್ಬರೂ ಒಟ್ಟಿಗೆ ನಿರ್ದೇಶಕರ ಮುಂದೆ ಹೋಗಬಾರದೇಕೆ ಎಂದು ಅಕ್ಕ ಕೇಳಿದ್ದಕ್ಕೆ ತಂಗಿ ನಕ್ಕಳು. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಕಂಪನಿಯ ಕಿವಿಗೆ ಬೀಳುತ್ತದೆ, ಆಮೇಲೆ ತನ್ನ ಜಾಗದಲ್ಲಿ ಇನ್ಯಾರೋ ಕೂತಿರುತ್ತಾರೆ ಎಂದಳು. ಮುಂದಿನ ವಾರ ನೌಕೆಯದೇ ನಕಲಾಗಿದ್ದ, ಅಂಥದೇ ಸ್ಟಿಕ್ ಇದ್ದ ಹಳೆಯ ತರಬೇತಿ ಯಂತ್ರವನ್ನು ಬಿಚ್ಚಿ ಗುಜರಿ ಕೋಣೆಗೆ ಸಾಗಿಸಿದರು. ಅವತ್ತು ತಂಗಿ ಮನೆಗೆ ಬಂದಾಗ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಗಂಟಿತ್ತು. ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ, ತೊಳೆದಿಟ್ಟ ಲೋಟಗಳ ಪಕ್ಕ ಇಟ್ಟು, "ಜೋಪಾನ" ಎಂದಳು.

ಅಳಿಯನ ಅಚ್ಚಿನ ದಿನ ಅವನು ಗೊತ್ತುಮಾಡಿದ ಸಮಯಕ್ಕಿಂತ ಮೊದಲೇ ಬಂದ. ಊಟದ ಡಬ್ಬಿಯ ಚೀಲವನ್ನು ತೊಟ್ಟಿಯ ಪಕ್ಕದ ಸ್ಟೂಲಿನ ಮೇಲಿಟ್ಟು ಒಳಗಿಳಿದು ಮಲಗಿದ. ಸಹಾಯಕರು ಪ್ಲಾಸ್ಟರ್ ಕಲಸಲು ಪಕ್ಕದ ಕೋಣೆಗೆ ಹೋದಾಗ ಅವನು ತಲೆ ಎತ್ತದೆ ಮಾತಾಡಿದ.

"ಅಕ್ಕ, ನಡುವೆ ಪೆಟ್ಟಿಗೆ ಕೂರ್ಸೋದು ನಿಮಗೂ ಗೊತ್ತಿರಬೇಕು. ನಮ್ಮವರು ನನಗೆ ಹೇಳಿಲ್ಲ. ಕಾರ್ಖಾನೇಲಿ ನಾನೇ ನೋಡ್ದೆ."

ಅಕ್ಕ ಪಕ್ಕದ ಕೋಣೆಯ ಬಾಗಿಲ ಕಡೆ ನೋಡಿದಳು.

"ನನ್ನ ಎಡ ತೊಡೆ ಪಕ್ಕ ಸ್ವಲ್ಪ ಜಾಗ ಬಿಡ್ತೀರಾ? ಇಡಬೇಕಾದ್ದು ಆ ಚೀಲದಲ್ಲಿದೆ. ನಿಮ್ಮ ತಂಗಿಗೆ ಮಾತ್ರ ಹೇಳ್ಬೇಡಿ. ಸುಮ್ನೆ ಹೆದರ್ತಾರೆ."

ಅಷ್ಟರಲ್ಲಿ ಬಕೆಟ್ಟುಗಳು ಬಂದವು. ಬಿಳಿ ಪ್ಲಾಸ್ಟರ್ ಅವನ ಸೊಂಟ ಮುಚ್ಚಿತು, ಭುಜ ಮುಚ್ಚಿತು. ಇನ್ನು ಅವನು ಮಾತಾಡುವಂತಿರಲಿಲ್ಲ, ಅವಳು ಮಾತಾಡಲೇಬೇಕಿತ್ತು. ಕ್ಯಾಂಟೀನಿನ ಬಗ್ಗೆ ಏನೋ ಹೇಳಹೋದಳು. ಆ ವಾಕ್ಯ ಅರ್ಧಕ್ಕೇ ನಿಂತಿತು. ಆ ಕೋಣೆಯಲ್ಲಿ ಮೊದಲ ಸಲ ಒಂದು ಅಚ್ಚು ಸದ್ದಿಲ್ಲದೆ ಗಟ್ಟಿಯಾಯಿತು. ಅವನು ನಡುನಡುವೆ ಕಣ್ಣು ತೆರೆದು ಅವಳತ್ತ ನೋಡಿ ಮತ್ತೆ ಮುಚ್ಚಿಕೊಳ್ಳುತ್ತಿದ್ದ. ಬೆನ್ನು ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.

ಆಮೇಲಿನ ದಿನಗಳಲ್ಲಿ ಅಕ್ಕ ಎರಡು ಸೀಟುಗಳನ್ನೂ ಸಿದ್ಧಪಡಿಸಿದಳು. ಎರಡರಲ್ಲೂ ಗೂಡು ಕೊರೆದಳು. ಕೊರೆದಷ್ಟೂ ತೂಕ ಬೇರೆ ಕಡೆ ಸರಿದೂಗಿಸಿದಳು. ಅಳಿಯನ ಚೀಲದಲ್ಲಿದ್ದದ್ದೂ ಸ್ಟಿಕ್ಕೇ. ಸಾಕೆಟ್ ಇದ್ದದ್ದು ಒಂದೇ. ಬೆಂಕಿಯ ಉಂಡೆಯಂತೆ ಕೆಳಗಿಳಿಯುವಾಗ, ಎಲ್ಲ ಕುಲುಕಾಡುವಾಗ, ಎಡದಿಂದ ಒಂದು ಕೈ, ಬಲದಿಂದ ಒಂದು ಕೈ ಪೆಟ್ಟಿಗೆಯ ಅಡಿಗೆ ತೂರಿ ಒಂದೇ ತೂತಿಗಾಗಿ ಕಿತ್ತಾಡುವುದು ಅವಳಿಗೆ ಪಾತ್ರೆ ತೊಳೆಯುವಾಗ ಕಾಣುತ್ತಿತ್ತು, ಬಸ್ಸಿಗೆ ಕಾಯುವಾಗ ಕಾಣುತ್ತಿತ್ತು. ನಿರ್ದೇಶಕರಿಗೆ ಹೇಳಿದರೆ ಇಬ್ಬರ ಸ್ಟಿಕ್ಕೂ ಹೋಗುತ್ತದೆ, ಹಡಗುಗಳಿಗೆ ಸಿಗದ ಕಡೆ ಇಳಿಸಿದ ಆ ಪೆಟ್ಟಿಗೆಯೊಂದೇ ಉಳಿಯುತ್ತದೆ. ತಂಗಿ ಜನ್ಮದಲ್ಲಿ ಮುಖ ನೋಡುವುದಿಲ್ಲ. ಒಬ್ಬರಿಗೆ ಇನ್ನೊಬ್ಬರ ಗುಟ್ಟು ಹೇಳಿದರೆ, ಇನ್ನೊಬ್ಬರಿಗಿಂತ ಮುಂಚೆ ಸಾಕೆಟ್ ಹಿಡಿಯಲೆಂದು ಮೊದಲ ಅಲುಗಾಟಕ್ಕೇ ಕೈ ಹಾಕುತ್ತಾರೆ.

ತರಬೇತಿ ಯಂತ್ರ ಬಿಚ್ಚುವ ಮೊದಲು ಅವಳು ಸೀಟು ಸರಿಹೊಂದಿಸಲೆಂದು ಅಲ್ಲಿಗೆ ಹೋಗಿ, ಗಾಜಿನ ಈಚೆಗೆ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಕೆಂಪು ದೀಪ ಹೊತ್ತಿದ ಕೂಡಲೇ ತಂಗಿಯ ಕೈ ಸ್ಟಿಕ್ಕಿನ ಮೇಲೆ ಇರುತ್ತಿತ್ತು. ನೌಕೆ ತಾನಾಗಿ ಸುಧಾರಿಸಿಕೊಳ್ಳಲಾರದ ಸಂಕಟಗಳಲ್ಲಿ ಅವಳಷ್ಟು ಚೆನ್ನಾಗಿ ಯಾರೂ ಇಳಿಸಲಿಲ್ಲ. ಆದರೆ ಒಮ್ಮೆ, ತುಸು ಕಾದಿದ್ದರೆ ತಾನೇ ಸರಿಹೋಗುತ್ತಿದ್ದ ತೊಂದರೆಗೆ ಅವಳು ಕೈ ಹಾಕಿ ನೌಕೆಯನ್ನು ಬುಗುರಿಯಂತೆ ತಿರುಗಿಸಿಬಿಟ್ಟಳು. ತರಬೇತುದಾರ ದೀಪ ಹಾಕಿ, "ಎಲ್ಲರೂ ಶಿವಾ ಅಂದ್ರಿ, ಚಹಾ ಕುಡಿದು ಬನ್ನಿ" ಎಂದ. ಅಳಿಯ ಕೆಂಪು ದೀಪ ಕಂಡರೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ. ನೋಡುವವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಆಮೇಲೆ ಒಮ್ಮೆ ಮುಟ್ಟುತ್ತಿದ್ದ, ಅಷ್ಟೇ. "ಅವನು ಕಾಯ್ತಾ ಕಾಯ್ತಾನೇ ಸಾಯ್ತಾನೆ" ಎಂದು ತಂಗಿ ಹಂಗಿಸುತ್ತಿದ್ದಳು. ಒಂದು ಸಲ ಅದೂ ನಿಜವಾಗಿತ್ತು. ತಡವಾಗಿ ಮುಟ್ಟಿದ್ದ.

ಚಿಕ್ಕಂದಿನಲ್ಲಿ ತಂಗಿಗೆ ಸೈಕಲ್ ಕಲಿಸಿದವಳು ಅಕ್ಕ. ಇಳಿಜಾರಿನಲ್ಲಿ ಒಂದು ನಾಯಿ ಅಡ್ಡ ಬಂತು. ಬ್ರೇಕ್ ಹಿಡೀಬೇಡ, ಅದೇ ಹೋಗುತ್ತೆ ಎಂದು ಅಕ್ಕ ಹಿಂದಿನಿಂದ ಓಡುತ್ತ ಹೇಳುತ್ತಲೇ ಇದ್ದಳು. ತಂಗಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದು ಹ್ಯಾಂಡಲಿನ ಮೇಲಿಂದ ಹಾರಿ ಬಿದ್ದಳು. ನಾಯಿ ಎಂದೋ ದಾಟಿ ಹೋಗಿತ್ತು. ಅವಳ ಗಲ್ಲದ ಕೆಳಗೆ ಆ ಗಾಯದ ಗುರುತು ಈಗಲೂ ಇದೆ.

ಸೀಟುಗಳನ್ನು ಸಾಗಿಸುವ ದಿನ, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ, ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡಳು. ಚಿಲಕವನ್ನು ಎಳೆದು ನೋಡಿದಳು. ಮೇಜಿನ ಮೇಲೆ ಎರಡು ಸ್ಟಿಕ್ಕುಗಳು, ಒಂದೇ ಬಸಿರಲ್ಲಿ ಹುಟ್ಟಿದಂತೆ ಒಂದೇ ತರಹದವು. ಪಕ್ಕದಲ್ಲಿ ಸೂಜಿ, ದಾರ, ಮೇಲುಹೊದಿಕೆಯ ಬೂದು ಬಟ್ಟೆ. ಎರಡನ್ನೂ ಇಟ್ಟು ಹೊಲಿದರೆ ಎರಡು ಕೈ. ಒಂದನ್ನೂ ಇಡದಿದ್ದರೆ ಪೆಟ್ಟಿಗೆ. ಮೊದಲ ಯಾನದ ಮುಂದಾಳು ಯಾರೆಂದು ದೊಡ್ಡದೊಡ್ಡವರು ತಿಂಗಳುಗಟ್ಟಲೆ ಕೂತು ಕಚ್ಚಾಡಿದ್ದು ಕೊನೆಗೆ ತನ್ನ ಸೂಜಿಯ ತುದಿಗೆ ಬಂದು ನಿಂತಿದೆ ಎಂದು ಅವಳಿಗೆ ಹೊಳೆದಾಗ ಹೆಮ್ಮೆಯೇನೂ ಆಗಲಿಲ್ಲ. ಸೂಜಿಗೆ ದಾರ ಪೋಣಿಸಿದಳು.

ಮೊದಲು ಅಳಿಯನ ಗೂಡಿನಲ್ಲಿ ಅವನ ಸ್ಟಿಕ್ ಇಟ್ಟು ಹೊಲಿದಳು.

ಆಮೇಲೆ ತಂಗಿಯ ಸೀಟಿನ ಮುಂದೆ ಮಂಡಿಯೂರಿದಳು. ಹಳೆಯ ಬೋಲ್ಟುಗಳ ಡಬ್ಬಿಯಿಂದ ಸ್ಟಿಕ್ಕಿನಷ್ಟೇ ತೂಗುವ ಒಂದು ಕಬ್ಬಿಣದ ತುಂಡು ಆರಿಸಿ, ಉಣ್ಣೆಯ ಪಟ್ಟಿ ಸುತ್ತಿ ಸುತ್ತಿ, ಬಟ್ಟೆಯ ಮೇಲಿಂದ ಒತ್ತಿದರೆ ಸ್ಟಿಕ್ಕಿನಂತೆಯೇ ಕೈಗೆ ಹತ್ತುವಷ್ಟು ದಪ್ಪ ಮಾಡಿದಳು. ಕಣ್ಣು ಮುಚ್ಚಿ ಒತ್ತಿ ನೋಡಿದಳು. ಇನ್ನೊಂದು ಸುತ್ತು ಸುತ್ತಿದಳು. ಅದನ್ನು ಗೂಡಿನಲ್ಲಿಟ್ಟು, ಒಂದೊಂದು ಹೊಲಿಗೆಯನ್ನೂ ಎಂದಿಗಿಂತ ಹತ್ತಿರ ಹಾಕಿದಳು. ಸುಲಭವಾಗಿ ಬಿಚ್ಚಿಕೊಳ್ಳಬಾರದು. ತಂಗಿಯ ಸ್ಟಿಕ್ಕನ್ನು ಟವೆಲಿನಲ್ಲಿ ಸುತ್ತಿ ತನ್ನ ಚೀಲದ ತಳಕ್ಕೆ ಹಾಕಿಕೊಂಡಳು.

ಅವತ್ತು ಮನೆಯಲ್ಲಿ ತಂಗಿ ಕೇಳಿದಳು, "ಆಯ್ತಾ?"

"ಆಯ್ತು ಕಣೇ" ಎಂದಳು ಅಕ್ಕ. ಅಷ್ಟು ಚಿಕ್ಕ ಮಾತು ಅವಳ ಬಾಯಿಂದ ಎಂದೂ ಅಷ್ಟು ಭಾರವಾಗಿ ಹೊರಟಿರಲಿಲ್ಲ.

ಹೊರಡುವ ಹಿಂದಿನ ವಾರ ನಿರ್ದೇಶಕರು ಇಬ್ಬರನ್ನೂ ಕರೆಸಿ ಪೆಟ್ಟಿಗೆಯ ವಿಷಯ ಹೇಳಿದರು. ಇಬ್ಬರೂ ಚೆನ್ನಾಗಿ ಆಶ್ಚರ್ಯಪಟ್ಟರು, ಸ್ವಲ್ಪ ಬೇಸರಪಟ್ಟರು, ಒಪ್ಪಿಕೊಂಡರು. ಇಷ್ಟು ಸಲೀಸಾಗುತ್ತದೆಂದು ತಾವು ಅಂದುಕೊಂಡಿರಲಿಲ್ಲ ಎಂದು ನಿರ್ದೇಶಕರು ಹಾದಿಯಲ್ಲಿ ಅಕ್ಕನನ್ನು ನಿಲ್ಲಿಸಿ ಹೇಳಿ ಹೋದರು.

ಏರಿದ್ದು ಸುಸೂತ್ರವಾಗಿತ್ತು. ಪೆಟ್ಟಿಗೆ ಹೇಳಿದ ಹಾಗೇ ಎಲ್ಲ ನಡೆಯಿತು. ನಿಯಂತ್ರಣ ಕೋಣೆಯ ಪರದೆಯ ಮೇಲೆ ಎಡಕ್ಕೆ ತಂಗಿ, ಬಲಕ್ಕೆ ಅಳಿಯ, ನಡುವೆ ಹಸಿರು ದೀಪದ ಕಪ್ಪು ಪೆಟ್ಟಿಗೆ. ತಂಗಿಯ ಬಲಗೈ ತೊಡೆಯ ಪಕ್ಕ ಇತ್ತು, ಅವನ ಎಡಗೈ ತೊಡೆಯ ಪಕ್ಕ ಇತ್ತು. ಎಷ್ಟು ನಿಶ್ಚಿಂತೆಯಾಗಿ ಕೂತಿದ್ದಾರೆ ನೋಡಿ ಎಂದು ಹಿಂದಿನ ಸಾಲಿನಲ್ಲಿ ಯಾರೋ ಮೆಚ್ಚಿಕೊಂಡರು. ಅಕ್ಕ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಳ್ಳುತ್ತಿದ್ದಳು.

ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಇಳಿಸುತ್ತಾರೆ ಎಂಬ ಸುದ್ದಿ ಆಮೇಲೆ ಬಂತು. ಪಕ್ಕದ ದೇಶದವರು ತಮ್ಮ ರಾಕೆಟ್ಟನ್ನು ಹೊರಗೆ ತಂದು ನಿಲ್ಲಿಸಿದ್ದರು. ಅವರು ಹಾರುವ ಮೊದಲೇ ನಮ್ಮವರು ಇಳಿದು, ಕೈ ಬೀಸಿ, ಫೋಟೋ ಆಗಬೇಕಿತ್ತು. ಇಳಿಯುವ ಕಡೆ ಗಾಳಿ ಇತ್ತು. ಹವಾಮಾನದ ಮೇಜಿನವನು ಇನ್ನೆರಡು ದಿನ ಕಾಯೋಣ ಎಂದನಂತೆ. ಪೆಟ್ಟಿಗೆ ಆ ಗಾಳಿಯನ್ನು ನಿಭಾಯಿಸುತ್ತದೆ ಎಂದು ಕಂಪನಿಯವರು ಹೇಳಿದರಂತೆ.

ಇಳಿಯುವುದಕ್ಕೆ ಮೊದಲು ಮನೆಯವರ ಜೊತೆ ಮಾತಾಡಲು ಸ್ವಲ್ಪ ಹೊತ್ತು ಕೊಟ್ಟರು. ಅಕ್ಕನನ್ನು ಪರದೆಯ ಮುಂದೆ ಕೂರಿಸಿದರು. ಹಿಂದೆ ನಿರ್ದೇಶಕರಿದ್ದರು, ಕಂಪನಿಯವರಿದ್ದರು, ಎಲ್ಲರ ಕಿವಿಯೂ ಆ ಕಡೆಗೇ ಇತ್ತು. ತಂಗಿಯ ಮುಖ ಊದಿಕೊಂಡು ಚಿಕ್ಕ ಹುಡುಗಿಯ ಮುಖದಂತೆ ದುಂಡಗಾಗಿತ್ತು. ಕೂದಲು ನೆಟ್ಟಗೆ ನಿಂತಿತ್ತು. ಅವಳ ಭುಜದ ಹಿಂದೆ ಅಳಿಯ ತನ್ನ ಪಟ್ಟಿಗಳನ್ನು ಬಿಗಿದುಕೊಳ್ಳುತ್ತಿದ್ದ.

"ಅಕ್ಕ, ಸೀಟು ಭಾರಿ ಚೆನ್ನಾಗಿ ಮಾಡಿದೀಯ" ಎಂದಳು ತಂಗಿ. "ಎಲ್ಲ ಕೈಗೆ ಸಿಗೋ ಹಾಗಿದೆ."

ಅಕ್ಕನಿಗೆ ಹೇಳಬೇಕಾದದ್ದು ಒಂದೇ ವಾಕ್ಯ. ಅದನ್ನು ಅಷ್ಟು ಜನರ ನಡುವೆ ಹೇಗೆ ಹೇಳುವುದೆಂದು ಅವಳಿಗೆ ತೋಚಲಿಲ್ಲ.

"ಕಡ್ಡಿ, ಗಾಳಿ ಇದೆಯಂತೆ" ಎಂದಳು. "ಏನಾದ್ರೂ ಆದ್ರೆ ನೀನು ಕೈ ಹಾಕ್ಬೇಡ. ಅವರಿಗೆ ಬಿಡು."

"ಯಾರಿಗೆ? ಈ ಪೆಟ್ಟಿಗೆಗಾ?"

ಅಳಿಯ ತಲೆ ಎತ್ತಿ ಪರದೆಯತ್ತ ನೋಡಿದ. ಅಕ್ಕ ತಂಗಿಯ ಮುಖದಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ಬೇಕೆಂದಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿರಬೇಕು.

ತಂಗಿ ಅದನ್ನು ಗಮನಿಸಿದಳು. ತಿರುಗಿ ಅವನನ್ನು ನೋಡಿದಳು, ಮತ್ತೆ ಅಕ್ಕನನ್ನು. ನಗು ಇನ್ನೂ ಮುಖದ ಮೇಲೆ ಇತ್ತು, ಹಿಂದೆಗೆಯುವುದನ್ನು ಮರೆತಂತೆ. ಅವಳ ಬಲಗೈ ನಿಧಾನವಾಗಿ ಕೆಳಗೆ, ಪರದೆಯಲ್ಲಿ ಕಾಣದ ಕಡೆಗೆ, ಸರಿಯಿತು. ಹೊಲಿಗೆಯನ್ನು ಹುಡುಕುತ್ತಿದ್ದಾಳೆಂದು ಅಕ್ಕನಿಗೆ ಗೊತ್ತಾಯಿತು. ಸಮಯವಾಯಿತೆಂದು ಯಾರೋ ಹಿಂದಿನಿಂದ ಹೇಳಿದರು, ಪರದೆ ಕಪ್ಪಾಯಿತು. ನೌಕೆ ಇಳಿಯತೊಡಗಿದೆ ಎಂದು ಧ್ವನಿವರ್ಧಕ ಹೇಳಿತು.